ಮನೋರೋಗದ ಔಷಧಿಯಿಂದ ಬರುವ ನಡುಕ, ಬಿಗಿತ, ಬಾಯಾಟ: ಯಾರು ಹೆಚ್ಚು ಎಚ್ಚರದಿಂದಿರಬೇಕು?

ರೋಗಿಗಳ ಮತ್ತು ಜೊತೆಯಲ್ಲಿ ಬರುವ ಬಂಧುಗಳ ತಿಳಿವಳಿಕೆಗಾಗಿ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ. ಮಾತ್ರೆಯಿಂದ ನಿದ್ದೆ ಬಂದಿರುತ್ತದೆ, ಕಿವಿಯಲ್ಲಿ ಕೇಳಿಸುತ್ತಿದ್ದ ಮಾತು ನಿಂತಿರುತ್ತದೆ, ಮನುಷ್ಯ ಹೊಲಮನೆ ಕೆಲಸಕ್ಕೆ ಮರಳಿರುತ್ತಾನೆ. ಆದರೆ ಕೆಲವರಲ್ಲಿ ಹೊಸದೊಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಕತ್ತು ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕೈ ನಡುಗುತ್ತದೆ, ಕಾಲು ಒಂದೆಡೆ ನಿಲ್ಲುವುದಿಲ್ಲ, ಏನೂ ತಿನ್ನದಿದ್ದರೂ ಬಾಯಿ ಮೆಲುಕು ಹಾಕಿದಂತೆ ಆಡುತ್ತಿರುತ್ತದೆ.

ಆಗ ಮನೆಯವರು ಸಾಮಾನ್ಯವಾಗಿ ಎರಡು ತಪ್ಪು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಇದು ಗಾಳಿ ಸೋಕಿದ್ದು, ಇಲ್ಲವೇ ಕಾಯಿಲೆ ಹೆಚ್ಚಾದದ್ದು ಎಂದು ತಿಳಿದು ವೈದ್ಯರಿಗೆ ಹೇಳುವುದೇ ಇಲ್ಲ. ಇನ್ನು ಕೆಲವರು ಮಾತ್ರೆಯೇ ವಿಷವಾಯಿತೆಂದು ಹೆದರಿ ಒಂದೇ ದಿನಕ್ಕೆ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಮೊದಲನೆಯದರಿಂದ ವಾಸಿಯಾಗಬಹುದಾದ ತೊಂದರೆ ಬಲಿತು ಉಳಿಯುತ್ತದೆ. ಎರಡನೆಯದರಿಂದ ಹತೋಟಿಗೆ ಬಂದಿದ್ದ ಮನೋರೋಗ ಮರುಕಳಿಸುತ್ತದೆ.

ಈ ಲೇಖನದ ಸಾರಾಂಶ ಇಷ್ಟೇ: ಈ ತೊಂದರೆ ಯಾರಿಗೆ ಬರುವ ಸಂಭವ ಹೆಚ್ಚು ಎಂಬುದನ್ನು ತಿಳಿದಿರಿ, ಬಂದ ಕೂಡಲೇ ಗುರುತಿಸಿ, ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಈ ಔಷಧಿಗಳು ಯಾವುವು?

1952ರಲ್ಲಿ ಪ್ಯಾರಿಸ್ ನಗರದ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ಗುಣ ಕಂಡರು. 1958ರಲ್ಲಿ ಬೆಲ್ಜಿಯಂ ದೇಶದಲ್ಲಿ ಹ್ಯಾಲೊಪೆರಿಡಾಲ್ ತಯಾರಾಯಿತು. ಅದಕ್ಕೆ ಮೊದಲು ತೀವ್ರ ಮನೋರೋಗಿಗಳಲ್ಲಿ ಅನೇಕರು ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಗಳ ಒಳಗೇ ಕಾಲ ಕಳೆಯಬೇಕಾಗಿತ್ತು. ಈ ಔಷಧಿಗಳು ಬಂದ ಮೇಲೆ ಅವರು ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯುವುದು ಸಾಧ್ಯವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮಧುಗಿರಿಯಂತಹ ಊರುಗಳಲ್ಲಿ ವಿಸ್ತರಣಾ ಚಿಕಿತ್ಸಾಲಯಗಳನ್ನು ನಡೆಸಲು ಸಾಧ್ಯವಾದದ್ದೂ ಇದರಿಂದಲೇ. ಅದೇ ಸಂಸ್ಥೆಯವರು ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹಳ್ಳಿಯಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಕೆಲಸ ಮಾಡಿದ್ದಾರೆ.

ಹ್ಯಾಲೊಪೆರಿಡಾಲ್, ಟ್ರೈಫ್ಲೂಪೆರಜಿನ್, ಕ್ಲೋರ್‌ಪ್ರೊಮಜಿನ್, ಫ್ಲೂಫೆನಜಿನ್ ಸೂಜಿ ಮುಂತಾದವು ಹಳೆಯ ತಲೆಮಾರಿನವು. ರಿಸ್ಪೆರಿಡೋನ್, ಓಲಂಜಪಿನ್, ಕ್ವೆಟಿಯಪಿನ್, ಅಮಿಸಲ್‌ಪ್ರೈಡ್, ಕ್ಲೋಜಪಿನ್ ಮುಂತಾದವು ಹೊಸ ತಲೆಮಾರಿನವು. ಚಲನೆಯ ತೊಂದರೆ ಹಳೆಯವುಗಳಲ್ಲಿ ಹೆಚ್ಚು, ಹೊಸವುಗಳಲ್ಲಿ ಕಡಿಮೆ. ಆದರೆ ಹೊಸ ಔಷಧಿಗಳಲ್ಲಿ ಅದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹೊಸವುಗಳ ಪೈಕಿ ರಿಸ್ಪೆರಿಡೋನ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಬಿಗಿತ, ನಡುಕ ಬರಬಹುದು. ಕ್ವೆಟಿಯಪಿನ್ ಮತ್ತು ಕ್ಲೋಜಪಿನ್‌ಗಳಲ್ಲಿ ಇದು ಬಹಳ ಕಡಿಮೆ.

ತೊಂದರೆ ಏಕೆ ಬರುತ್ತದೆ?

ಕೆರೆಯ ತೂಬಿನ ಉದಾಹರಣೆ ತೆಗೆದುಕೊಳ್ಳೋಣ. ಒಂದೇ ತೂಬಿನಿಂದ ಎರಡು ಕಾಲುವೆಗಳಿಗೆ ನೀರು ಹರಿಯುತ್ತಿದೆ. ಒಂದು ಗದ್ದೆಗೆ ನೀರು ಹೆಚ್ಚಾಗಿ ಪೈರು ಕೊಳೆಯುತ್ತಿದೆ ಎಂದು ತೂಬನ್ನು ಇಳಿಸಿದರೆ ಇನ್ನೊಂದು ಗದ್ದೆ ಒಣಗುತ್ತದೆ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಇದೆ. ಅದರ ಚಟುವಟಿಕೆ ಒಂದು ಭಾಗದಲ್ಲಿ ಅತಿಯಾದಾಗ ಭ್ರಮೆ, ಅನುಮಾನ, ಇಲ್ಲದ ಧ್ವನಿ ಕೇಳುವುದು ಉಂಟಾಗುತ್ತವೆ. ಔಷಧಿ ಅದನ್ನು ತಗ್ಗಿಸುತ್ತದೆ. ಆದರೆ ಕೈಕಾಲುಗಳ ಚಲನೆಯನ್ನು ಹದವಾಗಿಡುವ ಇನ್ನೊಂದು ಭಾಗಕ್ಕೂ ಅದೇ ಡೋಪಮಿನ್ ಬೇಕು. ಅಲ್ಲಿ ಅದು ಕಡಿಮೆಯಾದಾಗ ಬಿಗಿತ, ನಡುಕ ಬರುತ್ತವೆ. ಹಲವು ತಿಂಗಳು ಅಥವಾ ವರ್ಷಗಳು ಹೀಗೆಯೇ ಕಳೆದರೆ ಆ ಭಾಗದ ಸೂಕ್ಷ್ಮತೆ ಬದಲಾಗಿ ಬಾಯಿ, ನಾಲಿಗೆ ತಾವಾಗಿಯೇ ಆಡತೊಡಗಬಹುದು.

ನಾಲ್ಕು ಬಗೆಯ ತೊಂದರೆಗಳು

1. ಹಠಾತ್ ಸೆಳೆತ: ಕತ್ತು ಹಿಂದಕ್ಕೆ ಅಥವಾ ಪಕ್ಕಕ್ಕೆ ತಿರುಚುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು, ದವಡೆ ಕಚ್ಚಿಕೊಳ್ಳುವುದು, ನಾಲಿಗೆ ದಪ್ಪವಾದಂತೆ ಆಗಿ ಮಾತು ತೊದಲುವುದು. ಔಷಧಿ ಶುರು ಮಾಡಿದ ಅಥವಾ ಪ್ರಮಾಣ ಹೆಚ್ಚಿಸಿದ ಮೊದಲ ದಿನಗಳಲ್ಲೇ ಬರುತ್ತದೆ. ಹತ್ತರಲ್ಲಿ ಒಂಬತ್ತು ಪ್ರಕರಣಗಳು ಮೊದಲ 5 ದಿನಗಳ ಒಳಗೇ ಕಾಣಿಸಿಕೊಳ್ಳುತ್ತವೆ. ಇದನ್ನು ನೋಡಿ ಮೈಮೇಲೆ ಬಂದಿದೆ ಎಂದು, ಇಲ್ಲವೇ ಮೂರ್ಛೆರೋಗವೆಂದು ಹೆದರುವವರು ಉಂಟು. ರೋಗಿಗೆ ಪೂರ್ತಿ ಎಚ್ಚರವಿರುತ್ತದೆ, ಬಹಳ ನೋವಾಗುತ್ತಿರುತ್ತದೆ. ಪ್ರೊಮೆಥಜಿನ್‌ನಂತಹ ಒಂದು ಸೂಜಿಯಿಂದ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

2. ಚಡಪಡಿಕೆ: ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾಲು ಆಡಿಸುತ್ತಿರುತ್ತಾರೆ, ಒಳಗೆ ಹೊರಗೆ ಓಡಾಡುತ್ತಿರುತ್ತಾರೆ. ಕೆಲವು ದಿನಗಳಿಂದ ಕೆಲವು ವಾರಗಳ ಒಳಗೆ ಶುರುವಾಗುತ್ತದೆ. ಹುಚ್ಚು ಜಾಸ್ತಿಯಾಗಿದೆ ಎಂದು ಮನೆಯವರು ಹೇಳಿದರೆ ಅದೇ ಔಷಧಿಯ ಪ್ರಮಾಣ ಹೆಚ್ಚಾಗುವ, ಅದರಿಂದ ಚಡಪಡಿಕೆ ಇನ್ನೂ ಬೆಳೆಯುವ ಅಪಾಯವಿದೆ. ಈ ಸಂಕಟ ತಾಳಲಾರದೆ ಪ್ರಾಣ ಕಳೆದುಕೊಳ್ಳುವ ಯೋಚನೆ ಕೆಲವರಿಗೆ ಬರುತ್ತದೆ. ಆದ್ದರಿಂದ ಇದನ್ನು ಹಗುರವಾಗಿ ಕಾಣಬಾರದು. ಪ್ರಮಾಣ ತಗ್ಗಿಸುವುದರಿಂದ, ಔಷಧಿ ಬದಲಿಸುವುದರಿಂದ ಅಥವಾ ಪ್ರೊಪ್ರನಲಾಲ್‌ನಂತಹ ಮಾತ್ರೆಯಿಂದ ಪರಿಹಾರವಿದೆ. ಆದರೆ ಉಬ್ಬಸ ಇರುವವರಿಗೆ ಪ್ರೊಪ್ರನಲಾಲ್ ಕೊಡುವಂತಿಲ್ಲ. ಉಬ್ಬಸ ಇದ್ದರೆ ಮೊದಲೇ ಹೇಳಿ.

3. ಬಿಗಿತ ಮತ್ತು ನಡುಕ: ನಡಿಗೆ ನಿಧಾನವಾಗುತ್ತದೆ, ಹೆಜ್ಜೆ ಎಳೆಯುತ್ತದೆ, ನಡೆಯುವಾಗ ಕೈ ಬೀಸುವುದಿಲ್ಲ. ಮುಖದಲ್ಲಿ ಕಳೆ ಇಲ್ಲದಂತಾಗುತ್ತದೆ, ಜೊಲ್ಲು ಸುರಿಯುತ್ತದೆ. ಸಾಮಾನ್ಯವಾಗಿ ಮೊದಲ 3 ತಿಂಗಳ ಒಳಗೆ ಬರುತ್ತದೆ. ಮಾತ್ರೆ ತಿಂದು ಸೋಮಾರಿಯಾಗಿದ್ದಾನೆ ಎಂದು ಬೈಯುವುದು ಇಂಥವರನ್ನೇ. ಇದು ಸೋಮಾರಿತನವಲ್ಲ. ಔಷಧಿ ಸರಿಪಡಿಸಿದರೆ ಹೆಚ್ಚಿನವರಲ್ಲಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ.

4. ತಡವಾಗಿ ಬರುವ ಬಾಯಾಟ: ನಾಲಿಗೆ ಹೊರಚಾಚುವುದು, ತುಟಿ ಚಪ್ಪರಿಸುವುದು, ದವಡೆ ಆಡಿಸುವುದು, ಪದೇಪದೇ ಕಣ್ಣು ಮಿಟುಕಿಸುವುದು, ಬೆರಳುಗಳು ವೀಣೆ ನುಡಿಸಿದಂತೆ ಆಡುವುದು. ವೈದ್ಯರು ಇದನ್ನು ಟಾರ್ಡಿವ್ ಡಿಸ್ಕೈನೀಸಿಯಾ ಎನ್ನುತ್ತಾರೆ. ಔಷಧಿ ಶುರುವಾಗಿ ಹಲವು ತಿಂಗಳು ಅಥವಾ ವರ್ಷಗಳ ಮೇಲೆ ಬರುತ್ತದೆ. ವಯಸ್ಸಾದವರಲ್ಲಿ ಬೇಗ ಬರಬಹುದು. ನಿದ್ದೆಯಲ್ಲಿ ಇರುವುದಿಲ್ಲ. ಎಷ್ಟೋ ವೇಳೆ ರೋಗಿಗೆ ಇದರ ಅರಿವೇ ಇರುವುದಿಲ್ಲ. ನೋಡಿದವರು ತಮ್ಮನ್ನು ಅಣಕಿಸುತ್ತಿದ್ದಾನೆಂದು ಜಗಳಕ್ಕೆ ನಿಲ್ಲುತ್ತಾರೆ. ನಾಲ್ಕರಲ್ಲಿ ಪೂರ್ತಿ ವಾಸಿಯಾಗುವುದು ಕಷ್ಟವಾದದ್ದು ಇದೇ. ಹಾಗಾಗಿ ಬೇಗ ಗುರುತಿಸುವುದರ ಬೆಲೆ ಇಲ್ಲಿಯೇ ಹೆಚ್ಚು.

ಯಾರಿಗೆ ಸಂಭವ ಹೆಚ್ಚು?

ಕೆಳಗಿನವುಗಳಲ್ಲಿ ಯಾವುದಾದರೂ ನಿಮ್ಮ ರೋಗಿಗೆ ಅನ್ವಯಿಸಿದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಅನ್ವಯಿಸಿದ ಮಾತ್ರಕ್ಕೆ ತೊಂದರೆ ಬಂದೇ ಬರುತ್ತದೆ ಎಂದಲ್ಲ. ಹೆಚ್ಚು ಗಮನ ಬೇಕು ಎಂದು ಅರ್ಥ.

ವಯಸ್ಸು: ಹಠಾತ್ ಸೆಳೆತ ಹದಿಹರೆಯದವರಲ್ಲಿ, ಯುವಕರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ಬಿಗಿತ, ನಡುಕ ಮತ್ತು ಬಾಯಾಟ ವಯಸ್ಸಾದವರಲ್ಲಿ ಹೆಚ್ಚು. ಹಳೆಯ ಔಷಧಿಗಳನ್ನು ತೆಗೆದುಕೊಳ್ಳುವ ವಯಸ್ಕರಲ್ಲಿ ಪ್ರತಿ ವರ್ಷ ನೂರಕ್ಕೆ ಸುಮಾರು 5 ಮಂದಿಗೆ ಹೊಸದಾಗಿ ಬಾಯಾಟ ಬರುತ್ತದೆಂದು ಅಧ್ಯಯನಗಳು ತೋರಿಸಿವೆ. ಇಳಿವಯಸ್ಸಿನವರಲ್ಲಿ ಇದು ಅದರ ಹಲವು ಪಟ್ಟು.

ಹೆಂಗಸರು: ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಬಿಗಿತ ಮತ್ತು ಬಾಯಾಟದ ಸಂಭವ ಹೆಚ್ಚು.

ಔಷಧಿಯ ಪ್ರಮಾಣ ಮತ್ತು ಕಾಲ: ಹೆಚ್ಚು ಪ್ರಮಾಣ, ಬೇಗಬೇಗ ಏರಿಸಿದ ಪ್ರಮಾಣ, ಒಂದೇ ಗುಂಪಿನ ಎರಡು ಮೂರು ಔಷಧಿಗಳು ಒಟ್ಟಿಗೆ, ಹಲವು ವರ್ಷಗಳ ಬಳಕೆ. ಇಬ್ಬರು ವೈದ್ಯರ ಚೀಟಿಗಳನ್ನು ಒಟ್ಟಿಗೆ ಪಾಲಿಸುವವರಲ್ಲಿ ಇದು ತಿಳಿಯದೆಯೇ ಆಗುತ್ತದೆ.

ಹಿಂದೆ ಬಂದಿದ್ದರೆ: ಒಮ್ಮೆ ಸೆಳೆತ, ಬಿಗಿತ ಅಥವಾ ಚಡಪಡಿಕೆ ಬಂದವರಿಗೆ ಅದು ಮತ್ತೆ ಬರುವ, ಮುಂದೆ ಬಾಯಾಟ ಬರುವ ಸಂಭವವೂ ಹೆಚ್ಚು.

ಬೇರೆ ಕಾಯಿಲೆಗಳು: ಸಕ್ಕರೆ ಕಾಯಿಲೆ, ತಲೆಗೆ ಹಿಂದೆ ಬಿದ್ದ ಪೆಟ್ಟು, ಪಾರ್ಶ್ವವಾಯು, ಬುದ್ಧಿಮಾಂದ್ಯ, ಮರೆವಿನ ಕಾಯಿಲೆ, ಮನೆತನದಲ್ಲಿ ಪಾರ್ಕಿನ್ಸನ್ ಕಾಯಿಲೆ. ಕೆಲವು ಬಗೆಯ ಮರೆವಿನ ಕಾಯಿಲೆಯಲ್ಲಿ ಹ್ಯಾಲೊಪೆರಿಡಾಲ್‌ನ ಅಲ್ಪ ಪ್ರಮಾಣವೂ ವೃದ್ಧರನ್ನು ಮರದ ಕೊರಡಿನಂತೆ ಬಿಗಿಯಾಗಿಸಬಹುದು. ರಾತ್ರಿ ಹೊತ್ತು ಅಜ್ಜ ಗಲಾಟೆ ಮಾಡುತ್ತಾರೆಂದು ಮನೆಯಲ್ಲಿರುವ ಬೇರೆಯವರ ಮಾತ್ರೆಯನ್ನು ಕೊಡಲೇಬಾರದು.

ಮನಸ್ಸಿನ ಕಾಯಿಲೆಯ ಬಗೆ: ಖಿನ್ನತೆ, ಉನ್ಮಾದದಂತಹ ಕಾಯಿಲೆಗಳಿಗೆ ಇದೇ ಔಷಧಿ ತೆಗೆದುಕೊಳ್ಳುವವರಲ್ಲಿ ಬಾಯಾಟ ಬರುವ ಸಂಭವ ಹೆಚ್ಚು.

ರಕ್ತಹೀನತೆ: ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಚಡಪಡಿಕೆ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿವೆ, ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆದರೂ ರಕ್ತಪರೀಕ್ಷೆ ಮಾಡಿಸುವುದರಿಂದ ನಷ್ಟವಿಲ್ಲ.

ಬಿಟ್ಟು ಬಿಟ್ಟು ತೆಗೆದುಕೊಳ್ಳುವುದು: ವಾಸಿಯಾಯಿತೆಂದು ಎರಡು ತಿಂಗಳು ಬಿಡುವುದು, ಹೆಚ್ಚಾದಾಗ ಮತ್ತೆ ಶುರು ಮಾಡುವುದು, ಜಾತ್ರೆ ಹಬ್ಬದಲ್ಲಿ ನಿಲ್ಲಿಸುವುದು. ಹೀಗೆ ಮಾಡಿದರೆ ದೇಹಕ್ಕೆ ವಿಶ್ರಾಂತಿ ಸಿಗುತ್ತದೆಂದು ಅನೇಕರ ನಂಬಿಕೆ. ನಿಜವಾಗಿ ಇದರಿಂದ ಬಾಯಾಟದ ಸಂಭವ ಹೆಚ್ಚುತ್ತದೆ.

ಮದ್ಯ, ಅಡಿಕೆ, ಬೀಡಿ: ಮದ್ಯದ ಚಟ ಇರುವವರಲ್ಲಿ ಬಾಯಾಟ ಹೆಚ್ಚು. ಈ ಔಷಧಿಗಳನ್ನು ತೆಗೆದುಕೊಳ್ಳುತ್ತಾ ಎಲೆಅಡಿಕೆ ವಿಪರೀತ ಹಾಕುವವರಲ್ಲಿ ಬಿಗಿತ, ನಡುಕ ಹೆಚ್ಚಾದ ಪ್ರಕರಣಗಳು ವರದಿಯಾಗಿವೆ. ಅದಲ್ಲದೆ ಸದಾ ಬಾಯಲ್ಲಿ ಎಲೆಅಡಿಕೆ ಇದ್ದರೆ ಬಾಯಾಟ ಶುರುವಾದದ್ದು ಯಾರಿಗೂ ತಿಳಿಯುವುದಿಲ್ಲ. ಬೀಡಿ ಸಿಗರೇಟಿನ ಹೊಗೆ ಓಲಂಜಪಿನ್, ಕ್ಲೋಜಪಿನ್‌ಗಳ ಬಲವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಬೀಡಿ ಬಿಡುವುದು ಒಳ್ಳೆಯದೇ. ಬಿಟ್ಟಾಗ ವೈದ್ಯರಿಗೆ ಹೇಳಿದರೆ ಮಾತ್ರೆಯ ಪ್ರಮಾಣ ಸರಿಪಡಿಸುತ್ತಾರೆ.

ವಾಂತಿ, ಗ್ಯಾಸು, ತಲೆಸುತ್ತಿನ ಮಾತ್ರೆಗಳ ಬಗ್ಗೆಯೂ ಎಚ್ಚರ

ಮನೋರೋಗದ ಮಾತ್ರೆಯನ್ನೇ ಮುಟ್ಟದವರಲ್ಲೂ ಇವೇ ತೊಂದರೆಗಳು ಕಾಣುವುದುಂಟು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್, ಎದೆಯುರಿ ಹೊಟ್ಟೆಯುಬ್ಬರಕ್ಕೆ ಬೇರೆ ಮಾತ್ರೆಯ ಜೊತೆ ಸೇರಿ ಬರುವ ಲೀವೊಸಲ್‌ಪಿರೈಡ್, ಇವು ಕೂಡ ಡೋಪಮಿನ್ ತಡೆಯುವ ಔಷಧಿಗಳೇ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಅರೆತಲೆನೋವಿಗೆ ಕೊಡುವ ಫ್ಲೂನರಿಜಿನ್ ಸಹ ವೃದ್ಧರಲ್ಲಿ ನಡುಕ, ಬಿಗಿತ ತರಬಹುದು. ನಾಲ್ಕು ದಿನಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೊಳ್ಳುವುದು ನಮ್ಮ ಕಡೆ ಸಾಮಾನ್ಯ. ಮೆಟೊಕ್ಲೊಪ್ರಮೈಡ್ 3 ತಿಂಗಳಿಗಿಂತ ಹೆಚ್ಚು ಕಾಲ ಬಳಸಿದರೆ ಬಾಯಾಟ ಬರಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ 2009ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. ಮನೋರೋಗದ ಮಾತ್ರೆ ತಿನ್ನುವವರು ಇವುಗಳನ್ನೂ ಸೇರಿಸಿಕೊಂಡರೆ ಅಪಾಯ ಇಮ್ಮಡಿಸುತ್ತದೆ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ನಿತ್ಯ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ತೋರಿಸಿ.

ಎಲ್ಲ ಬಿಗಿತವೂ ಮಾತ್ರೆಯದಲ್ಲ

ಪಾವಗಡ, ಸಿರಾ, ಮಧುಗಿರಿ ಕಡೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂಥ ನೀರನ್ನು ಬಹುಕಾಲ ಕುಡಿದವರಿಗೆ ಕತ್ತು, ಬೆನ್ನು, ಮಂಡಿ ಬಿಗಿದುಕೊಳ್ಳುತ್ತವೆ. ಅದು ಮೂಳೆ ಕೀಲುಗಳ ಬಿಗಿತ. ಹಲ್ಲಿನ ಮೇಲೆ ಕಂದು ಕಲೆಗಳು ಜೊತೆಗಿರಬಹುದು. ಔಷಧಿಯ ಬಿಗಿತದಲ್ಲಿ ಮೂಳೆಗೆ ಏನೂ ಆಗಿರುವುದಿಲ್ಲ; ಸ್ನಾಯುಗಳು ಗಟ್ಟಿಯಾಗಿ, ಚಲನೆ ನಿಧಾನವಾಗಿರುತ್ತದೆ. ಎರಡೂ ಒಬ್ಬರಲ್ಲೇ ಇರಬಹುದು. ಲಿಥಿಯಂ, ವಾಲ್‌ಪ್ರೊಯೇಟ್ ಮಾತ್ರೆಗಳಿಂದ, ಥೈರಾಯ್ಡ್ ಹೆಚ್ಚಾದುದರಿಂದ, ಹಠಾತ್ತನೆ ಮದ್ಯ ಬಿಟ್ಟುದರಿಂದಲೂ ಕೈ ನಡುಗುತ್ತದೆ. ಎಂದೂ ಔಷಧಿ ತೆಗೆದುಕೊಳ್ಳದ ಕೆಲವು ಸ್ಕಿಜೋಫ್ರೇನಿಯಾ ರೋಗಿಗಳಲ್ಲೂ ಬಾಯಾಟ ಇರುವುದನ್ನು ತಮಿಳುನಾಡಿನಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಕಾರಣ ಯಾವುದೆಂದು ತೀರ್ಮಾನಿಸುವ ಕೆಲಸವನ್ನು ವೈದ್ಯರಿಗೆ ಬಿಡಿ.

ಮನೆಯಲ್ಲಿ ತಿಂಗಳಿಗೊಮ್ಮೆ ಐದು ನಿಮಿಷದ ತಪಾಸಣೆ

ಇದಕ್ಕೆ ಯಂತ್ರ ಬೇಡ, ಓದು ಬೇಡ. ರೋಗಿಯ ಬಾಯಲ್ಲಿ ಎಲೆಅಡಿಕೆ, ತಿಂಡಿ ಇಲ್ಲದಿರುವಾಗ ಬೆಳಕಿನಲ್ಲಿ ಕೂರಿಸಿ.

1. ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ಒಂದು ನಿಮಿಷ ಸುಮ್ಮನೆ ಕೂರಲು ಹೇಳಿ. ತುಟಿ, ದವಡೆ, ಬೆರಳು, ಪಾದ ತಾವಾಗಿ ಆಡುತ್ತವೆಯೇ ನೋಡಿ.
2. ಬಾಯಿ ತೆರೆಸಿ. ನಾಲಿಗೆ ಬಾಯೊಳಗೆ ಹುಳುವಿನಂತೆ ಹೊರಳುತ್ತದೆಯೇ? ಹೊರಚಾಚಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆಯೇ?
3. ಎರಡೂ ಕೈ ಮುಂದಕ್ಕೆ ಚಾಚಿಸಿ. ನಡುಕ ಇದೆಯೇ?
4. ಹತ್ತು ಹೆಜ್ಜೆ ನಡೆದು ತಿರುಗಿ ಬರಲು ಹೇಳಿ. ಕೈ ಬೀಸುತ್ತಾರೆಯೇ? ತಿರುಗುವಾಗ ತಡವರಿಸುತ್ತಾರೆಯೇ?
5. ಕೊನೆಗೆ ಕೇಳಿ: ಒಳಗೊಳಗೇ ಸಂಕಟವಾಗುತ್ತದೆಯೇ, ಓಡಾಡಲೇಬೇಕು ಅನ್ನಿಸುತ್ತದೆಯೇ?

ಕಂಡದ್ದನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ. ಹಲ್ಲಿನ ಸೆಟ್ಟು ಸಡಿಲವಾಗಿದ್ದರೂ ಬಾಯಿ ಆಡುತ್ತದೆ; ಅದನ್ನೂ ನೋಡಿಕೊಳ್ಳಿ. ಈ ತಪಾಸಣೆಯನ್ನು ಹತ್ತು ಜನರೆದುರು ಮಾಡಿ ರೋಗಿಗೆ ನಾಚಿಕೆಯಾಗುವಂತೆ ಮಾಡಬೇಡಿ.

ತಡ ಮಾಡದೆ ಆಸ್ಪತ್ರೆಗೆ ಕರೆತರಬೇಕಾದ ಲಕ್ಷಣಗಳು

ಜೋರು ಜ್ವರ, ಮೈ ಕಟ್ಟಿಗೆಯಂತೆ ಬಿಗಿಯುವುದು, ವಿಪರೀತ ಬೆವರು, ಗೊಂದಲ ಅಥವಾ ಮಾತಿಲ್ಲದ ಸ್ಥಿತಿ ಒಟ್ಟಿಗೆ ಬಂದರೆ ಅದು ಪ್ರಾಣಾಪಾಯದ ಸೂಚನೆ. ಇದು ಅಪರೂಪ. ಆದರೆ ಮೈಯಲ್ಲಿ ನೀರಿನಂಶ ಕಡಿಮೆಯಾದವರಿಗೆ, ಬೇಗಬೇಗ ಪ್ರಮಾಣ ಏರಿಸಿದವರಿಗೆ, ಪದೇಪದೇ ಸೂಜಿ ಹಾಕಿಸಿಕೊಂಡವರಿಗೆ ಸಂಭವ ಹೆಚ್ಚು. ಬೇಸಿಗೆಯಲ್ಲಿ ಬಿಸಿಲಲ್ಲಿ ದುಡಿಯುವ ರೋಗಿಗಳು ಪದೇಪದೇ ನೀರು, ಮಜ್ಜಿಗೆ ಕುಡಿಯುತ್ತಿರಲಿ. ಮೇಲಿನ ಲಕ್ಷಣ ಕಂಡರೆ ಮುಂದಿನ ಮಾತ್ರೆ ಕೊಡದೆ ನೇರವಾಗಿ ಆಸ್ಪತ್ರೆಗೆ ಬನ್ನಿ. ನೀವಾಗಿಯೇ ಮಾತ್ರೆ ತಡೆಹಿಡಿಯಬಹುದಾದ ಸಂದರ್ಭ ಇದೊಂದೇ. ಗಂಟಲು ಬಿಗಿದು ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಸಾಯುವ ಮಾತಾಡಿದರೆ ಆಗಲೂ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಸಂದೇಹ–ಸಮಾಧಾನ

ಪ್ರಶ್ನೆ: ಬಾಯಾಟ ಬಂದ ಮೇಲೆ ಮಾತ್ರೆ ನಿಲ್ಲಿಸಿದರೆ ಸರಿಹೋಗುವುದಿಲ್ಲವೇ?
ಉತ್ತರ: ಥಟ್ಟನೆ ನಿಲ್ಲಿಸಿದರೆ ಬಾಯಾಟ ಕೆಲವು ಕಾಲ ಹೆಚ್ಚಾಗುವುದೇ ಸಾಮಾನ್ಯ, ಜೊತೆಗೆ ಮನೋರೋಗವೂ ಮರಳುತ್ತದೆ. ವೈದ್ಯರು ಪ್ರಮಾಣವನ್ನು ಮೆಲ್ಲಗೆ ತಗ್ಗಿಸಬಹುದು, ಅಥವಾ ಕ್ವೆಟಿಯಪಿನ್, ಕ್ಲೋಜಪಿನ್‌ಗೆ ಬದಲಿಸಬಹುದು. ಕ್ಲೋಜಪಿನ್ ತೆಗೆದುಕೊಳ್ಳುವವರು ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಮಾಡಿಸಬೇಕು, ಆಮೇಲೂ ಕಾಲಕಾಲಕ್ಕೆ ಮಾಡಿಸಬೇಕು. ಬಾಯಾಟಕ್ಕೆಂದೇ ಟೆಟ್ರಾಬೆನಜಿನ್ ಮಾತ್ರೆ ಇದೆ. ಅದೇ ಜಾತಿಯ ಎರಡು ಹೊಸ ಔಷಧಿಗಳಿಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಪ್ರಶ್ನೆ: ನಡುಕಕ್ಕೆ ಕೊಟ್ಟ ಪ್ಯಾಸಿಟೇನ್ ಮಾತ್ರೆ ಚೆನ್ನಾಗಿ ಕೆಲಸ ಮಾಡಿತು. ಅದನ್ನೇ ಮುಂದುವರಿಸಬಹುದೇ?
ಉತ್ತರ: ಸೆಳೆತ, ಬಿಗಿತ, ನಡುಕಕ್ಕೆ ಅದು ಒಳ್ಳೆಯದು. ಬಾಯಾಟಕ್ಕೆ ಅದರಿಂದ ಉಪಯೋಗವಿಲ್ಲ, ಇನ್ನೂ ಹೆಚ್ಚಾಗಬಹುದು. ವೃದ್ಧರಲ್ಲಿ ಮಲಬದ್ಧತೆ, ಮೂತ್ರ ಕಟ್ಟುವುದು, ಮರೆವು, ಗೊಂದಲ ತರುತ್ತದೆ. ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ.

ಪ್ರಶ್ನೆ: ತಿಂಗಳಿಗೊಮ್ಮೆ ಹಾಕುವ ಸೂಜಿ ಹೆಚ್ಚು ಅಪಾಯವೇ?
ಉತ್ತರ: ಮಾತ್ರೆ ನುಂಗಲು ಒಪ್ಪದವರಿಗೆ ಅದು ದೊಡ್ಡ ಅನುಕೂಲ. ಆದರೆ ಒಮ್ಮೆ ಹಾಕಿದ ಔಷಧಿ ವಾರಗಟ್ಟಲೆ ಮೈಯಲ್ಲಿರುತ್ತದೆ, ತೊಂದರೆ ಬಂದರೆ ತಕ್ಷಣ ಹಿಂತೆಗೆಯಲಾಗದು. ಹಿಂದೆ ಕತ್ತು ಸೆಳೆತ ಬಂದಿದ್ದರೆ ಸೂಜಿಗೆ ಮೊದಲೇ ಹೇಳಿ.

ಪ್ರಶ್ನೆ: ಬೇರು, ನಾರಿನ ಔಷಧಿಯಾದರೆ ಈ ತೊಂದರೆ ಇರುವುದಿಲ್ಲ ಅಲ್ಲವೇ?
ಉತ್ತರ: ಹಾಗೆ ಹೇಳಲಾಗದು. ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಔಷಧಿಯನ್ನು 1950ರ ದಶಕದಲ್ಲಿ ಮನೋರೋಗಕ್ಕೆ ಕೊಡುತ್ತಿದ್ದರು. ಅದರಿಂದಲೂ ಬಿಗಿತ, ನಡುಕ ಬರುತ್ತಿತ್ತು; ಅದು ಖಿನ್ನತೆಯನ್ನೂ ತರಬಲ್ಲದು.

ಪ್ರಶ್ನೆ: ಮಗಳು ಗರ್ಭಿಣಿ, ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಏನು ಮಾಡುವುದು?
ಉತ್ತರ: ನಿಲ್ಲಿಸಬೇಡಿ, ಮುಚ್ಚಿಡಲೂ ಬೇಡಿ. ಕೊನೆಯ ತಿಂಗಳುಗಳಲ್ಲಿ ಮಾತ್ರೆ ತೆಗೆದುಕೊಂಡಿದ್ದರೆ ಹುಟ್ಟಿದ ಮಗುವಿಗೆ ಕೆಲವು ದಿನ ನಡುಕ, ಬಿಗಿತ, ಹಾಲು ಕುಡಿಯಲು ತೊಂದರೆ ಬರಬಹುದು. ಹೆರಿಗೆ ವೈದ್ಯರಿಗೂ ಮಕ್ಕಳ ವೈದ್ಯರಿಗೂ ಗೊತ್ತಿದ್ದರೆ ನೋಡಿಕೊಳ್ಳುತ್ತಾರೆ.

ಮುಂದಿನ ಭೇಟಿಗೆ ಬರುವಾಗ

ಹಳೆಯ ಚೀಟಿಗಳು, ಖಾಲಿಯಾದ ಮಾತ್ರೆ ಪಟ್ಟಿಗಳು, ಅಂಗಡಿಯಲ್ಲಿ ನೀವಾಗಿ ಕೊಂಡ ಮಾತ್ರೆಗಳು, ನಾಟಿ ಔಷಧಿ, ಇವೆಲ್ಲವನ್ನೂ ಒಂದು ಚೀಲದಲ್ಲಿ ತನ್ನಿ. ಮನೆಯಲ್ಲಿ ರೋಗಿಯನ್ನು ದಿನವೂ ನೋಡುವವರೇ ಜೊತೆಗೆ ಬನ್ನಿ. ತಾಯಿಗೆ, ಹೆಂಡತಿಗೆ ಕಾಣುವುದು ಊರಿಂದ ಬಂದ ಅಣ್ಣನಿಗೆ ಕಾಣುವುದಿಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದ ಚಿತ್ರೀಕರಣ ಇದ್ದರೆ ಇನ್ನೂ ಅನುಕೂಲ, ಏಕೆಂದರೆ ಕೆಲವು ಚಲನೆಗಳು ವೈದ್ಯರೆದುರು ಕೂತಾಗ ಕಾಣುವುದಿಲ್ಲ. ರೋಗಿಯ ಒಪ್ಪಿಗೆ ಪಡೆದೇ ಚಿತ್ರಿಸಿ, ಬೇರೆ ಯಾರಿಗೂ ಕಳಿಸಬೇಡಿ.

ಬರಲು ತಕ್ಷಣ ಆಗದಿದ್ದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.

ರೋಗಿಯ ಕೈ ನಡುಗಿದರೆ, ಬಾಯಿ ಆಡಿದರೆ ಅದು ಅವರ ತಪ್ಪಲ್ಲ. ನಗಬೇಡಿ, ಗದರಬೇಡಿ, ಮದುವೆ ಮುಂಜಿಗಳಿಂದ ದೂರ ಇಡಬೇಡಿ. ಕಂಡದ್ದನ್ನು ಬೇಗ ಬಂದು ಹೇಳಿ. ಉಳಿದದ್ದನ್ನು ಸರಿಪಡಿಸಲು ಹೆಚ್ಚಿನ ಸಂದರ್ಭಗಳಲ್ಲಿ ದಾರಿ ಇದೆ.